ಹೋಗುವಾಗ ಬಸ್ಸು, ಬರುವಾಗ ರೈಲು: ವಾರಾಂತ್ಯದ ಪ್ರಯಾಣದ ಲೆಕ್ಕಾಚಾರ

ಪ್ರಶ್ನೆ: ನಾನು ಕೆಲಸ ಮಾಡುವ ನಗರಕ್ಕೂ ನನ್ನ ಅಕ್ಕ ಇರುವ ನಗರಕ್ಕೂ ಸುಮಾರು 400 ಕಿಲೋಮೀಟರ್ ದೂರ. ಆಗಾಗ ಶುಕ್ರವಾರ ಕೆಲಸ ಮುಗಿಸಿ ಹೊರಟು ಭಾನುವಾರ ರಾತ್ರಿಯೊಳಗೆ ಮರಳಬೇಕಾಗುತ್ತದೆ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ತಪ್ಪಿಸುವಂತಿಲ್ಲ. ವೇಳಾಪಟ್ಟಿಯ ಪ್ರಕಾರ ರೈಲಿಗೆ ಆರು ಗಂಟೆ, ಬಸ್ಸಿಗೆ ಏಳೂವರೆ ಗಂಟೆ. ರೈಲು ದಿನಕ್ಕೆ ಮೂರೇ: ಎರಡೂ ಕಡೆಯಿಂದ ಬೆಳಿಗ್ಗೆ ಆರು, ಮಧ್ಯಾಹ್ನ ಒಂದು ಮತ್ತು ಸಂಜೆ ಆರಕ್ಕೆ ಹೊರಡುತ್ತವೆ. ಬಸ್ಸು ಗಂಟೆಗೊಂದು ಇದೆ. ರೈಲು ನಿಲ್ದಾಣ ನಗರದ ಇನ್ನೊಂದು ತುದಿಯಲ್ಲಿದೆ, ಬಸ್ಸು ಮನೆಯ ಹತ್ತಿರವೇ ನಿಲ್ಲುತ್ತದೆ. ದರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕೆಲವೊಮ್ಮೆ ತಾಯಿಯವರೂ ಜೊತೆಗಿರುತ್ತಾರೆ. ಅವರಿಗೆ ಬಸ್ಸಿನಲ್ಲಿ ವಾಕರಿಕೆ ಬರುತ್ತದೆ. ಯಾವುದನ್ನು ಆರಿಸಿಕೊಳ್ಳುವುದು ಒಳ್ಳೆಯದು?

ಉತ್ತರ: ಒಬ್ಬರೇ ಹೊರಟಾಗ ಶುಕ್ರವಾರ ರಾತ್ರಿ ಬಸ್ಸಿನಲ್ಲಿ ಹೋಗಿ, ಭಾನುವಾರ ಮಧ್ಯಾಹ್ನ ಒಂದರ ರೈಲಿನಲ್ಲಿ ಮರಳಿ, ತಾಯಿಯವರು ಜೊತೆಗಿದ್ದಾಗ ಎರಡೂ ಕಡೆಗೆ ರೈಲನ್ನೇ ಹಿಡಿಯಿರಿ, ಅದಕ್ಕಾಗಿ ಹೊರಡುವುದನ್ನು ಶನಿವಾರ ಬೆಳಗಿಗೆ ಮುಂದೂಡಬೇಕಾಗಿ ಬಂದರೂ ಚಿಂತೆಯಿಲ್ಲ. ನೀವು ಕೊಟ್ಟ ವಿವರಗಳಿಗೆ ಇದು ನನ್ನ ಉತ್ತರ. ವೇಳಾಪಟ್ಟಿಗಳು ಬದಲಾಗುತ್ತಲೇ ಇರುತ್ತವೆಯಾದ್ದರಿಂದ ಅದರ ಹಿಂದಿನ ಲೆಕ್ಕಾಚಾರವನ್ನೂ ವಿವರವಾಗಿ ಹೇಳುತ್ತೇನೆ. ಹೋಗುವುದು, ಬರುವುದು ಎರಡನ್ನೂ ಒಂದೇ ಪ್ರಯಾಣವೆಂದು ಎಣಿಸಿ ಎರಡಕ್ಕೂ ಒಂದೇ ವಾಹನವನ್ನು ಆರಿಸುವುದು ಬಹಳ ಜನರ ರೂಢಿ. ವಾರಾಂತ್ಯದ ಮಟ್ಟಿಗೆ ಇವು ಸ್ವಭಾವದಲ್ಲೇ ಬೇರೆಯಾದ ಎರಡು ಪ್ರಯಾಣಗಳು. ಹೋಗುವಾಗ ತಡವಾದರೆ ಅಕ್ಕನ ಜೊತೆ ಕಳೆಯುವ ಒಂದೆರಡು ಗಂಟೆ ಕೈತಪ್ಪುತ್ತದೆ. ಬರುವಾಗ ತಡವಾದರೆ ನಿದ್ದೆಯೂ ಕೆಡುತ್ತದೆ, ಸೋಮವಾರದ ಕೆಲಸವೂ ಕೆಡುತ್ತದೆ. ಹೀಗಾಗಿ ಮರಳುವ ಪ್ರಯಾಣವನ್ನು ಮೊದಲು ಗೊತ್ತುಮಾಡಿಕೊಂಡು, ಆ ಟಿಕೆಟ್ಟನ್ನು ಮೊದಲು ಕಾಯ್ದಿರಿಸಿ, ಆಮೇಲೆ ಹೋಗುವುದರ ಬಗ್ಗೆ ಯೋಚಿಸುವುದು ಸರಿಯಾದ ಕ್ರಮ.

ಮೊದಲು ಆ ಒಂದೂವರೆ ಗಂಟೆಯ ವ್ಯತ್ಯಾಸವನ್ನು ನೋಡೋಣ. ವೇಳಾಪಟ್ಟಿ ಹೇಳುವುದು ನಿಲ್ದಾಣದಿಂದ ನಿಲ್ದಾಣದವರೆಗಿನ ಸಮಯವನ್ನು. ನಿಮಗೆ ಬೇಕಾದದ್ದು ಮನೆಯ ಬಾಗಿಲಿನಿಂದ ಅಕ್ಕನ ಮನೆಯ ಬಾಗಿಲಿನವರೆಗಿನ ಸಮಯ. ನಗರದ ಇನ್ನೊಂದು ತುದಿಗೆ ಹೋಗಲು ಒಂದು ಗಂಟೆ, ದಾರಿಯಲ್ಲಿ ತಡವಾದೀತೆಂದು ಕೈಯಲ್ಲಿಟ್ಟುಕೊಳ್ಳುವ ಅರ್ಧ ಗಂಟೆ, ಇಳಿದ ಮೇಲೆ ಇನ್ನೊಂದು ಅರ್ಧ ಗಂಟೆ ಎಂದಿಟ್ಟುಕೊಂಡರೆ ರೈಲಿನ ಆರು ಗಂಟೆ ಎಂಟಾಗುತ್ತದೆ. ಮನೆಯ ಹತ್ತಿರವೇ ಹತ್ತುವ ಬಸ್ಸಿಗೆ ನಡೆದು ಹೋಗಲು ಕಾಲು ಗಂಟೆ, ಕಾಯಲು ಕಾಲು ಗಂಟೆ, ಇಳಿದ ಮೇಲೆ ಅರ್ಧ ಗಂಟೆ ಸೇರಿಸಿದರೆ ಎಂಟೂವರೆ. ಉಳಿಯುವ ಅಂತರ ಅರ್ಧ ಗಂಟೆ ಮಾತ್ರ. ಸಾರಿಗೆ ಅರ್ಥಶಾಸ್ತ್ರಜ್ಞರು ಪ್ರಯಾಣದ ಸಮಯಕ್ಕೆ ಬೆಲೆ ಕಟ್ಟುವಾಗ, ಕಾಯುತ್ತ ನಿಂತ ಒಂದು ನಿಮಿಷವನ್ನು ವಾಹನದೊಳಗೆ ಕುಳಿತ ಸುಮಾರು ಎರಡು ನಿಮಿಷಕ್ಕೆ ಸಮವೆಂದು ಎಣಿಸುವುದು ವಾಡಿಕೆ. ಏಕೆಂದರೆ ಜನರಿಗೆ ಕಾಯುವುದು ಅಷ್ಟು ಭಾರವಾಗಿ ತೋರುತ್ತದೆ. ಆ ಲೆಕ್ಕವನ್ನೂ ಹಿಡಿದರೆ ವೇಗದ ವಿಷಯದಲ್ಲಿ ನಿಮ್ಮ ಮುಂದಿರುವ ಎರಡು ಆಯ್ಕೆಗಳೂ ಹೆಚ್ಚುಕಡಿಮೆ ಸಮಾನ. ಇನ್ನು ವೇಗವನ್ನು ಬದಿಗಿಟ್ಟು ವಿಳಂಬದ ಕಡೆಗೆ ತಿರುಗಬಹುದು.

ವಿಳಂಬವನ್ನು ಸರಾಸರಿಯಿಂದ ಅಳೆಯುವುದು ನಿಮ್ಮಂಥವರಿಗೆ ಉಪಯೋಗವಿಲ್ಲ. ಸೋಮವಾರ ಕೆಲಸಕ್ಕೆ ಹಾಜರಾಗಬೇಕಾದವರು ಕೇಳಿಕೊಳ್ಳಬೇಕಾದ ಪ್ರಶ್ನೆ, ಸಾಮಾನ್ಯವಾಗಿ ಎಷ್ಟು ತಡವಾಗುತ್ತದೆ ಎನ್ನುವುದಕ್ಕಿಂತ, ಕೆಟ್ಟ ದಿನ ಬಂದರೆ ಎಷ್ಟು ತಡವಾಗುತ್ತದೆ ಎನ್ನುವುದು. ಅಮೆರಿಕದ ಹೆದ್ದಾರಿ ಇಲಾಖೆ ಇದಕ್ಕೆಂದೇ ಒಂದು ಸೂಚ್ಯಂಕವನ್ನು ಬಳಸುತ್ತದೆ: ಇಪ್ಪತ್ತು ಪ್ರಯಾಣಗಳಲ್ಲಿ ಹತ್ತೊಂಬತ್ತು ಸಲ ಸಮಯಕ್ಕೆ ಸರಿಯಾಗಿ ತಲುಪಬೇಕಾದರೆ ಎಷ್ಟು ಹೊತ್ತನ್ನು ಮೀಸಲಿಡಬೇಕು ಎಂಬುದನ್ನು, ರಸ್ತೆ ಖಾಲಿಯಿದ್ದಾಗ ಹಿಡಿಯುವ ಸಮಯದೊಂದಿಗೆ ಹೋಲಿಸಿ ಅದು ಹೇಳುತ್ತದೆ. ನಿಮ್ಮ ದಾರಿಯ ಬಸ್ಸಿಗೂ ರೈಲಿಗೂ ಇಂಥದೊಂದು ಅಂದಾಜನ್ನು ನೀವೇ ಮಾಡಿಕೊಳ್ಳಬಹುದು. ಆದರೆ ಅದಕ್ಕೆ ಮೊದಲು, ಎರಡೂ ಕಡೆಯ ವಿಳಂಬ ಹುಟ್ಟುವ ಬಗೆಯೇ ಬೇರೆ ಎಂಬುದನ್ನು ಗಮನಿಸಬೇಕು.

ರಸ್ತೆಯಲ್ಲಿ ವಿಳಂಬ ಹುಟ್ಟಲು ಅಪಘಾತವೋ ಕಾಮಗಾರಿಯೋ ಇರಲೇಬೇಕೆಂದಿಲ್ಲ. 2008ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗವೊಂದರಲ್ಲಿ 230 ಮೀಟರ್ ಸುತ್ತಳತೆಯ ವೃತ್ತಾಕಾರದ ದಾರಿಯಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸುವಂತೆ ಚಾಲಕರಿಗೆ ಹೇಳಲಾಯಿತು. ಅಡ್ಡಿಯೇನೂ ಇರಲಿಲ್ಲ, ಆದರೂ ಸ್ವಲ್ಪ ಹೊತ್ತಿನಲ್ಲಿ ಒಬ್ಬರ ಚಿಕ್ಕ ನಿಧಾನ ಹಿಂದಿನವರಲ್ಲಿ ದೊಡ್ಡದಾಗುತ್ತ ಹೋಗಿ ಕಾರುಗಳು ಪೂರ್ತಿ ನಿಲ್ಲತೊಡಗಿದವು, ಆ ನಿಲುಗಡೆ ಒಂದು ಅಲೆಯಾಗಿ ಹಿಂದಕ್ಕೆ ಸರಿಯುತ್ತ ಹೋಯಿತು. ವಾಹನಗಳ ಸಂಖ್ಯೆ ರಸ್ತೆಯ ಸಾಮರ್ಥ್ಯದ ಹತ್ತಿರ ಬಂದಾಗ ನಡೆಯುವುದೂ ಇದೇ. ಇನ್ನು ಸ್ವಲ್ಪವೇ ವಾಹನಗಳು ಸೇರಿದರೂ ವಿಳಂಬ ಆ ಪ್ರಮಾಣವನ್ನು ಮೀರಿ ಏರುತ್ತದೆ. ದೊಡ್ಡ ನಗರಗಳ ಸುತ್ತ ಶುಕ್ರವಾರ ಸಂಜೆ ಹೊರಹೋಗುವ ರಸ್ತೆಗಳೂ ಭಾನುವಾರ ಸಂಜೆ ಒಳಬರುವ ರಸ್ತೆಗಳೂ ಈ ಸ್ಥಿತಿಗೆ ಬರುವುದು ಸಾಮಾನ್ಯ, ಮತ್ತು ದೂರಪ್ರಯಾಣದ ಬಸ್ಸಿಗೆ ಅಲ್ಲಿ ಪ್ರತ್ಯೇಕ ದಾರಿಯಿರುವುದಿಲ್ಲ. ಹೀಗಾಗಿ ವಾರಾಂತ್ಯದಲ್ಲಿ ಬಸ್ಸಿನ ವಿಳಂಬ ಅಪರೂಪದ ಆಪತ್ತಾಗಿರದೆ ಪದೇಪದೇ ಬರುವ, ಗಂಟೆ ನೋಡಿ ಮುಂಚಿತವಾಗಿಯೇ ಹೇಳಬಹುದಾದ ಸಂಗತಿಯಾಗಿರುತ್ತದೆ. ಒಂದು ಅನುಕೂಲವೂ ಇದರಲ್ಲಿದೆ: ಗಂಟೆ ನೋಡಿ ಹೇಳಬಹುದಾದದ್ದನ್ನು ಗಂಟೆ ನೋಡಿ ತಪ್ಪಿಸಿಕೊಳ್ಳಲೂಬಹುದು.

ರೈಲಿನ ವಿಳಂಬಕ್ಕೆ ಮೂಲ ಅದರ ಚಕ್ರ ಮತ್ತು ಹಳಿಯಲ್ಲಿಯೇ ಇದೆ. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಬಹಳ ಕಡಿಮೆ ಪ್ರತಿರೋಧದಲ್ಲಿ ಉರುಳುವುದರಿಂದ ರೈಲು ಕಡಿಮೆ ಶಕ್ತಿಯಲ್ಲಿ ಓಡುತ್ತದೆ. ಆದರೆ ಹಿಡಿತವೂ ಕಡಿಮೆಯಾದ್ದರಿಂದ ಬೇಗ ನಿಲ್ಲಲಾರದು. ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿರುವ ರೈಲು ನಿಲ್ಲಲು ಒಂದು ಕಿಲೋಮೀಟರಿನಷ್ಟು ದೂರ ಬೇಕಾಗುತ್ತದೆ. ಅದಕ್ಕಾಗಿಯೇ ಹಳಿಯನ್ನು ಭಾಗಗಳಾಗಿ ವಿಂಗಡಿಸಿ, ಒಂದು ಭಾಗದಲ್ಲಿ ಒಂದೇ ರೈಲು ಇರುವಂತೆ ಸಿಗ್ನಲ್‌ಗಳು ನೋಡಿಕೊಳ್ಳುತ್ತವೆ. ಮುಂದಿನ ರೈಲು ನಿಂತರೆ ಹಿಂದಿನದೂ ನಿಲ್ಲಬೇಕು. ಒಂದೇ ಹಳಿಯ ಮಾರ್ಗವಾದರೆ ಎದುರಿನಿಂದ ಬರುವ ರೈಲು ಕ್ರಾಸಿಂಗ್ ಮುಗಿಸುವವರೆಗೂ ಕಾಯಬೇಕು. ತೀವ್ರ ಬಿಸಿಲಿನಲ್ಲಿ ಹಳಿ ಹಿಗ್ಗಿ ಬಾಗುವ ಅಪಾಯವಿರುವುದರಿಂದ ವೇಗವನ್ನು ತಗ್ಗಿಸುತ್ತಾರೆ. ಹಳಿ ದುರಸ್ತಿಯ ದೊಡ್ಡ ಕೆಲಸಗಳನ್ನು ಅನೇಕ ದೇಶಗಳಲ್ಲಿ ವಾರಾಂತ್ಯಕ್ಕೇ ಇಟ್ಟುಕೊಳ್ಳುತ್ತಾರೆ. ಮಾರ್ಗ ಬಂದ್ ಆದರೆ ಬಸ್ಸು ಬಳಸುದಾರಿ ಹಿಡಿಯಬಹುದು. ರೈಲಿಗೆ ಅಂಥ ಅವಕಾಶ ಅಪರೂಪ. ಹೀಗಾಗಿ ಚೆನ್ನಾಗಿ ನಡೆಯುವ ಮಾರ್ಗದಲ್ಲಿ ರೈಲಿನ ವಿಳಂಬ ಬಹುತೇಕ ದಿನ ಅಲ್ಪವಾಗಿದ್ದು, ಯಾವಾಗಲೋ ಒಮ್ಮೆ ಬಹಳ ದೊಡ್ಡದಾಗಿರುತ್ತದೆ.

ರೈಲು ಎಷ್ಟು ಸಮಯಪಾಲನೆ ಮಾಡುತ್ತದೆ ಎಂದು ತಿಳಿಯಲು ಪ್ರಕಟಿತ ಶೇಕಡಾವಾರುಗಳನ್ನು ನೋಡುವಾಗ ಎಚ್ಚರ ಬೇಕು, ಏಕೆಂದರೆ ಸಮಯಕ್ಕೆ ಬಂತು ಎಂಬುದರ ಅಳತೆಗೋಲು ಒಂದೊಂದು ಕಡೆ ಒಂದೊಂದು. ಸ್ವಿಟ್ಜರ್ಲೆಂಡಿನಲ್ಲಿ ಮೂರು ನಿಮಿಷಕ್ಕಿಂತ ಕಡಿಮೆ ತಡವಾದರೆ ಮಾತ್ರ ಸಮಯಪಾಲನೆ. ಜರ್ಮನಿಯಲ್ಲಿ ಆರು ನಿಮಿಷಕ್ಕಿಂತ ಕಡಿಮೆಯಾದರೆ ಸಾಕು, ಅಲ್ಲಿ ರದ್ದಾದ ರೈಲು ಲೆಕ್ಕಕ್ಕೇ ಸೇರುವುದಿಲ್ಲ. ಅಷ್ಟು ಸಡಿಲ ಅಳತೆಯಲ್ಲೂ 2024ರಲ್ಲಿ ಜರ್ಮನಿಯ ದೂರಪ್ರಯಾಣದ ರೈಲುಗಳಲ್ಲಿ ಶೇ. 62.5ರಷ್ಟು ಮಾತ್ರ ಸಮಯಕ್ಕೆ ಸರಿಯಾಗಿದ್ದವು. ಇಡೀ ಜಾಲದ ಅಂಕಿ ನೋಡುವುದಕ್ಕಿಂತ ನೀವು ಹತ್ತುವ ಆ ಒಂದು ರೈಲು ಕಳೆದ ಕೆಲವು ಭಾನುವಾರಗಳಲ್ಲಿ ಎಷ್ಟು ಹೊತ್ತಿಗೆ ತಲುಪಿತು ಎಂದು ನೋಡಿಕೊಳ್ಳುವುದೇ ಮೇಲು. ರೈಲುಗಳ ಚಲನೆಯನ್ನು ತೋರಿಸುವ ಮೊಬೈಲ್ ಆ್ಯಪ್‌ಗಳು ಈಗ ಅನೇಕ ಕಡೆ ಈ ಮಾಹಿತಿಯನ್ನು ಕೊಡುತ್ತವೆ. ಜೊತೆಗೆ ಆ ರೈಲು ಎಲ್ಲಿಂದ ಹೊರಟು ಬರುತ್ತದೆ ಎಂಬುದನ್ನೂ ನೋಡಿ. ಅಕ್ಕನ ನಗರದಿಂದಲೇ ಹೊರಡುವ ರೈಲು ಮತ್ತು ಸಾವಿರ ಕಿಲೋಮೀಟರ್ ಆಚೆಯಿಂದ ದಾರಿಯ ವಿಳಂಬಗಳನ್ನೆಲ್ಲ ಹೊತ್ತು ಬರುವ ರೈಲು ವೇಳಾಪಟ್ಟಿಯಲ್ಲಿ ಒಂದೇ ಥರ ಕಾಣುತ್ತವೆ.

ಈಗ ನನ್ನ ಸಲಹೆಯ ಮುಖ್ಯ ಕಾರಣಕ್ಕೆ ಬರುತ್ತೇನೆ. ರೈಲಿನ ದೊಡ್ಡ ತೊಂದರೆಗಳಲ್ಲಿ ಬಹಳಷ್ಟು ನೀವು ಹತ್ತುವ ಮೊದಲೇ ತಿಳಿಯುತ್ತವೆ: ಕಾಮಗಾರಿ ಮೊದಲೇ ಪ್ರಕಟವಾಗಿರುತ್ತದೆ, ರದ್ದಾದದ್ದು ನಿಲ್ದಾಣದ ಫಲಕದಲ್ಲಿ ಬರುತ್ತದೆ, ಎರಡು ಗಂಟೆ ತಡವಾಗಿ ಬರುತ್ತಿರುವ ರೈಲು ಎಲ್ಲಿದೆಯೆಂದು ಮನೆಯಲ್ಲೇ ಕುಳಿತು ನೋಡಬಹುದು. ಬಸ್ಸಿನ ದೊಡ್ಡ ತೊಂದರೆ ಸಾಮಾನ್ಯವಾಗಿ ಹತ್ತಿದ ಮೇಲೆ, ದಾರಿಯ ಮಧ್ಯದಲ್ಲಿ ಎದುರಾಗುತ್ತದೆ. ಅಲ್ಲಿ ಇಳಿದು ಬೇರೆ ದಾರಿ ನೋಡಿಕೊಳ್ಳುವಂತಿಲ್ಲ. ಅಂದರೆ ರೈಲನ್ನು ಮೊದಲ ಆಯ್ಕೆಯಾಗಿಟ್ಟುಕೊಂಡವರಿಗೆ ಬಸ್ಸು ಆಪತ್ಕಾಲದ ಆಯ್ಕೆಯಾಗಿ ಉಳಿದಿರುತ್ತದೆ; ಬಸ್ಸನ್ನು ಮೊದಲ ಆಯ್ಕೆಯಾಗಿಟ್ಟುಕೊಂಡವರಿಗೆ ರೈಲು ಹಾಗೆ ಒದಗಿಬರುವುದು ಕಡಿಮೆ, ಅದರಲ್ಲೂ ದಿನಕ್ಕೆ ಮೂರೇ ರೈಲುಗಳಿರುವ ನಿಮ್ಮ ಮಾರ್ಗದಲ್ಲಿ. ಭಾನುವಾರ ಮಧ್ಯಾಹ್ನ ಒಂದರ ರೈಲಿಗೆ ಟಿಕೆಟ್ ಇದ್ದು ಅದು ರದ್ದಾದರೆ ನಿಮ್ಮ ಮುಂದೆ ಸಂಜೆಯ ರೈಲೂ ಇದೆ, ಗಂಟೆಗೊಂದು ಬಸ್ಸೂ ಇದೆ. ಮೂರು ಗಂಟೆ ತಡವಾಗಿ ಓಡಿದರೂ ರಾತ್ರಿ ಹತ್ತಕ್ಕೆ ನಿಲ್ದಾಣದಲ್ಲಿರುತ್ತೀರಿ. ಸಂಜೆ ಆರರ ರೈಲನ್ನು ನೆಚ್ಚಿಕೊಂಡರೆ ಎಲ್ಲವೂ ಸರಿಯಾಗಿದ್ದರೂ ಇಳಿಯುವುದು ಮಧ್ಯರಾತ್ರಿ, ಆಮೇಲೆ ನಗರವನ್ನು ದಾಟಿ ಮನೆ ಸೇರಬೇಕು. ಆ ಹೊತ್ತಿಗೆ ನಗರದೊಳಗಿನ ಬಸ್ಸುಗಳು ನಿಂತಿರುವ ಸಂಭವವೂ ಉಂಟು. ಮರಳುವಾಗ ದಿನದ ಕೊನೆಯ ರೈಲನ್ನು ಹಿಡಿಯಬೇಡಿ, ಅದರ ಹಿಂದಿನದನ್ನು ಹಿಡಿಯಿರಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಭಾನುವಾರದ ಅರ್ಧ ದಿನ ಕಳೆದುಕೊಳ್ಳುವುದು ಬೇಸರದ ವಿಷಯವೆಂಬುದು ನನಗೆ ಗೊತ್ತು. ಆದರೂ ಸೋಮವಾರಕ್ಕೆ ತಪ್ಪಿಸುವಂತಿಲ್ಲ ಎಂದು ನೀವೇ ಬರೆದಿದ್ದೀರಿ.

ಹೋಗುವಾಗಿನ ಸ್ಥಿತಿ ಬೇರೆ. ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಶುಕ್ರವಾರ ಯಾರೂ ಖಚಿತವಾಗಿ ಹೇಳಲಾರರು. ಸಂಜೆ ಆರರ ರೈಲಿಗೆ ಊರಾಚೆಯ ನಿಲ್ದಾಣ ಸೇರಬೇಕೆಂದರೆ ನಾಲ್ಕೂವರೆಗೇ ಎದ್ದು ಹೊರಡಬೇಕು. ಗಂಟೆಗೊಂದು ಬಸ್ಸಿರುವ ಅನುಕೂಲ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಆರು, ಏಳರ ಬಸ್ಸು ಹತ್ತಿ ನಗರದಿಂದ ಹೊರಬೀಳುವ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುವ ಬದಲು, ಮನೆಗೆ ಹೋಗಿ ಊಟ ಮುಗಿಸಿ ಹತ್ತು ಗಂಟೆಯ ಬಸ್ಸು ಹಿಡಿದರೆ ಬೆಳಿಗ್ಗೆ ಐದೂವರೆ, ಆರರ ಹೊತ್ತಿಗೆ ಅಲ್ಲಿರುತ್ತೀರಿ. ಹನ್ನೊಂದರ ಬಸ್ಸಾದರೆ ಇಳಿಯುವಾಗ ಬೆಳಕು ಹರಿದಿರುತ್ತದೆ, ಅಕ್ಕನ ಮನೆಯವರ ನಿದ್ದೆಯೂ ಕೆಡುವುದಿಲ್ಲ. ವಿಳಂಬವಾದರೂ ಹೋಗುವುದು ಶನಿವಾರದ ಒಂದು ಗಂಟೆ.

ರಾತ್ರಿ ಬಸ್ಸಿನ ಬಗ್ಗೆ ಎರಡು ಮಾತುಗಳನ್ನು ಮುಚ್ಚಿಡದೆ ಹೇಳಬೇಕು. ಬಸ್ಸಿನಲ್ಲಿ ಮಲಗಿದ ಏಳು ಗಂಟೆ ಹಾಸಿಗೆಯ ಏಳು ಗಂಟೆಗೆ ಸಮನಲ್ಲ. ಅಪರಿಚಿತ ಜಾಗದಲ್ಲಿ ನಿದ್ದೆ ಹಗುರವಾಗಿರುತ್ತದೆ, ಪ್ರತಿ ನಿಲುಗಡೆಗೂ ಎಚ್ಚರವಾಗುತ್ತದೆ. ಶನಿವಾರ ಮಧ್ಯಾಹ್ನ ಒಂದೆರಡು ಗಂಟೆ ಮಲಗುವ ಅವಕಾಶವಿರುವುದರಿಂದಲೇ ಇದನ್ನು ನಾನು ಹೋಗುವ ದಾರಿಗೆ ಒಪ್ಪುತ್ತೇನೆ. ಭಾನುವಾರ ರಾತ್ರಿ ಬಸ್ಸು ಹತ್ತಿ ಸೋಮವಾರ ನೇರವಾಗಿ ಕೆಲಸಕ್ಕೆ ಹೋಗುವುದನ್ನು ಒಪ್ಪುವುದಿಲ್ಲ. ಎರಡನೆಯದು ಚಾಲಕರ ವಿಷಯ. ಮನುಷ್ಯನ ದೇಹದ ಎಚ್ಚರ ತೀರ ತಗ್ಗುವ ಸಮಯ ರಾತ್ರಿ ಎರಡರಿಂದ ಬೆಳಗಿನ ಆರರವರೆಗಿನ ಅವಧಿ. ನಿದ್ದೆಯ ಮಂಪರಿನಿಂದ ಆಗುವ ಅಪಘಾತಗಳು ಆಗಲೇ ಹೆಚ್ಚುತ್ತವೆ. ಐರೋಪ್ಯ ಒಕ್ಕೂಟದ ನಿಯಮದಂತೆ ನಾಲ್ಕೂವರೆ ಗಂಟೆ ಓಡಿಸಿದ ಚಾಲಕ 45 ನಿಮಿಷ ವಿಶ್ರಾಂತಿ ಪಡೆಯಲೇಬೇಕು, ದಿನಕ್ಕೆ ಒಂಬತ್ತು ಗಂಟೆ ಮೀರಿ ಓಡಿಸುವಂತಿಲ್ಲ, ವಾರಕ್ಕೆ ಎರಡು ದಿನ ಮಾತ್ರ ಹತ್ತು ಗಂಟೆಯವರೆಗೆ ಅವಕಾಶ. ಭಾರತದಲ್ಲಿ 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ಮಿತಿಯನ್ನೂ, ಐದು ಗಂಟೆಯ ಕೆಲಸ ಮೀರುವ ಮೊದಲು ಕನಿಷ್ಠ ಅರ್ಧ ಗಂಟೆಯ ಬಿಡುವನ್ನೂ ಹೇಳುತ್ತಿತ್ತು. ಏಳೂವರೆ ಗಂಟೆಯ ನಿಮ್ಮ ದಾರಿಯಲ್ಲಿ ಇಬ್ಬರು ಚಾಲಕರಿರುವ, ಇಲ್ಲವೇ ಮಧ್ಯದಲ್ಲಿ ಚಾಲಕರು ಬದಲಾಗುವ ಬಸ್ಸನ್ನೇ ಆರಿಸಿ. ಟಿಕೆಟ್ ಕೊಳ್ಳುವ ಮುನ್ನ ಇದನ್ನು ಕೇಳಿ ತಿಳಿದುಕೊಳ್ಳಲು ಸಂಕೋಚ ಬೇಡ.

ಸುರಕ್ಷತೆಯ ವಿಷಯದಲ್ಲಿ, ರೈಲಿಗೆ ಹೋಲಿಸಿದರೆ ಬಸ್ಸು ಬಹಳ ಅಪಾಯಕಾರಿ ಎಂಬ ನಂಬಿಕೆ ವ್ಯಾಪಕವಾಗಿದೆ. ಲಭ್ಯವಿರುವ ಅಂಕಿಗಳು ಅದನ್ನು ಎಲ್ಲ ಕಡೆಯೂ ಬೆಂಬಲಿಸುವುದಿಲ್ಲ. ಅರ್ಥಶಾಸ್ತ್ರಜ್ಞ ಇಯಾನ್ ಸ್ಯಾವೇಜ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2000ದಿಂದ 2009ರವರೆಗಿನ ಅಮೆರಿಕದಲ್ಲಿ ಪ್ರತಿ ನೂರು ಕೋಟಿ ಪ್ರಯಾಣಿಕ ಮೈಲಿಗೆ ಕಾರಿನಂಥ ವಾಹನಗಳಲ್ಲಿ ಸುಮಾರು 7.3, ರೈಲಿನಲ್ಲಿ 0.43, ಬಸ್ಸಿನಲ್ಲಿ 0.11 ಸಾವುಗಳಾಗಿದ್ದವು. ಬೇರೆ ದೇಶಗಳ ರಸ್ತೆಗಳು ಬೇರೆ ಥರ, ಆದ್ದರಿಂದ ಈ ಅಂಕಿಯನ್ನು ಹಾಗೆಯೇ ಎತ್ತಿ ಎಲ್ಲಿಗೂ ಅನ್ವಯಿಸಬಾರದು. ಆದರೂ ಸ್ವಂತ ಕಾರಿನಲ್ಲಿ ಹೋಗುವ ಬದಲು ಎರಡರಲ್ಲಿ ಯಾವುದನ್ನು ಆರಿಸಿದರೂ ನೀವು ಹೆಚ್ಚು ಸುರಕ್ಷಿತರೆಂಬುದು ಇದರಿಂದ ತಿಳಿಯುತ್ತದೆ. ಬಸ್ಸಿನಲ್ಲಿ ಸೀಟ್ ಬೆಲ್ಟ್ ಇದ್ದರೆ ಮಲಗುವಾಗಲೂ ಕಟ್ಟಿಕೊಂಡಿರಿ. ಬಸ್ಸು ಮಗುಚಿದಾಗ ಪ್ರಯಾಣಿಕರು ಹೊರಗೆ ಎಸೆಯಲ್ಪಡುವುದನ್ನು ಅದು ತಡೆಯುತ್ತದೆ.

ತಾಯಿಯವರ ವಾಕರಿಕೆಯ ವಿಷಯಕ್ಕೆ ಹೆಚ್ಚು ಜಾಗ ಕೊಡಬೇಕು, ಏಕೆಂದರೆ ಇದನ್ನು ಮನೆಯವರು ಸಾಮಾನ್ಯವಾಗಿ ಸ್ವಲ್ಪ ಸಹಿಸಿಕೊಂಡರಾಯಿತು ಎಂದು ತಳ್ಳಿಹಾಕುತ್ತಾರೆ. ಒಳಗಿವಿ ದೇಹದ ಚಲನೆಯನ್ನು ಗುರುತಿಸುತ್ತಿರುವಾಗ ಕಣ್ಣಿಗೆ ಎದುರಿನ ಸೀಟಿನ ಬೆನ್ನು ಮಾತ್ರ ಕಾಣುತ್ತಿದ್ದರೆ, ಈ ಎರಡು ಸುದ್ದಿಗಳು ಹೊಂದದೆ ಮಿದುಳು ಗೊಂದಲಕ್ಕೆ ಬೀಳುತ್ತದೆ ಎಂಬುದು ಎಲ್ಲಕ್ಕಿಂತ ಹೆಚ್ಚು ಒಪ್ಪಿತವಾದ ವಿವರಣೆ. ಐದು ಸೆಕೆಂಡಿಗೊಮ್ಮೆ ಬರುವಂಥ ನಿಧಾನದ ತೂಗಾಟ ಎಲ್ಲಕ್ಕಿಂತ ಕೆಟ್ಟದ್ದು. ತಿರುವುಗಳಲ್ಲಿ ಬಸ್ಸು ಅತ್ತಿತ್ತ ವಾಲುವುದು, ಬ್ರೇಕು ಹಾಕಿ ಮತ್ತೆ ವೇಗ ಹೆಚ್ಚಿಸುವುದು ಈ ಬಗೆಯದೇ. ಬ್ರಿಟನ್ನಿನಲ್ಲಿ ಟರ್ನರ್ ಮತ್ತು ಗ್ರಿಫಿನ್ ಎಂಬ ಸಂಶೋಧಕರು ಮೂರು ಸಾವಿರಕ್ಕೂ ಹೆಚ್ಚು ಬಸ್ ಪ್ರಯಾಣಿಕರನ್ನು ವಿಚಾರಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದಿನ ರಸ್ತೆ ಕಾಣದ ಕಡೆ ಕುಳಿತವರಲ್ಲಿ ಅಸ್ವಸ್ಥತೆ, ಚೆನ್ನಾಗಿ ಕಾಣುವ ಕಡೆ ಕುಳಿತವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ಅನಿವಾರ್ಯವಾಗಿ ಬಸ್ಸಿನಲ್ಲೇ ಕರೆದೊಯ್ಯಬೇಕಾದರೆ ಮುಂದಿನ ಸಾಲಿನ, ರಸ್ತೆ ಕಾಣುವ ಸೀಟನ್ನು ಅವರಿಗೆ ಕೊಡಿಸಿ. ಮೊಬೈಲು, ಪುಸ್ತಕ ನೋಡದಿರಲಿ. ಔಷಧ ಕೊಡುವುದಿದ್ದರೆ ವೈದ್ಯರನ್ನು ಕೇಳಿಯೇ ಕೊಡಿ, ಏಕೆಂದರೆ ಇಂಥ ಹಲವು ಮಾತ್ರೆಗಳು ಮಂಪರು ತರುತ್ತವೆ, ವಯಸ್ಸಾದವರು ಇಳಿಯುವಾಗ ಎಡವುವ ಸಂಭವ ಹೆಚ್ಚು. ರೈಲಿನಲ್ಲಿ ತಿರುವುಗಳು ವಿಶಾಲ, ವೇಗದ ಏರಿಳಿತ ಮೆಲ್ಲಗೆ, ಹೀಗಾಗಿ ಬಹುಮಂದಿಗೆ ಈ ತೊಂದರೆ ಕಡಿಮೆ. ಎಲ್ಲ ರೈಲುಗಳಿಗೂ ಈ ಮಾತು ಅನ್ವಯಿಸುವುದಿಲ್ಲ: ತಿರುವಿನಲ್ಲಿ ಒಳಕ್ಕೆ ವಾಲುವ ಬೋಗಿಗಳ ಬ್ರಿಟಿಷ್ ರೈಲು 1981ರಲ್ಲಿ ಓಡಿದಾಗ ಅದರಲ್ಲಿದ್ದ ಹಲವರಿಗೆ ವಾಕರಿಕೆ ಬಂದಿತ್ತು, ಆಮೇಲೆ ವಾಲುವ ಪ್ರಮಾಣವನ್ನು ತಗ್ಗಿಸಬೇಕಾಯಿತು.

ವಯಸ್ಸಾದವರಿಗೆ ರೈಲಿನಲ್ಲಿ ಇನ್ನೊಂದು ಅನುಕೂಲವಿದೆ: ಎದ್ದು ಓಡಾಡಬಹುದು, ಬೇಕೆನಿಸಿದಾಗ ಶೌಚಾಲಯಕ್ಕೆ ಹೋಗಬಹುದು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕುಳಿತು ಪ್ರಯಾಣ ಮಾಡಿದರೆ ಕಾಲಿನ ಒಳನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡರಷ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಆಗಲೂ ಆ ಸಂಭವ ಸಾವಿರಾರು ಜನರಲ್ಲಿ ಒಬ್ಬರಿಗೆ ಎಂಬಷ್ಟೇ ಇರುವುದರಿಂದ ಹೆದರಬೇಕಾಗಿಲ್ಲ. ಬಸ್ಸಾದರೆ ಪ್ರತಿ ನಿಲುಗಡೆಯಲ್ಲೂ ಇಳಿದು ನಾಲ್ಕು ಹೆಜ್ಜೆ ನಡೆಸಿ.

ಪರಿಸರದ ದೃಷ್ಟಿಯಿಂದ ತಲೆಕೆಡಿಸಿಕೊಳ್ಳಬೇಡಿ. ಬ್ರಿಟಿಷ್ ಸರ್ಕಾರ ಇತ್ತೀಚಿನ ವರ್ಷಗಳಲ್ಲಿ ಬಳಸಿದ ಲೆಕ್ಕದಲ್ಲಿ ಒಬ್ಬ ಪ್ರಯಾಣಿಕ ಒಂದು ಕಿಲೋಮೀಟರ್ ಹೋಗಲು ದೂರಪ್ರಯಾಣದ ಬಸ್ಸಿನಲ್ಲಿ ಸುಮಾರು 27 ಗ್ರಾಂ, ರೈಲಿನಲ್ಲಿ ಸುಮಾರು 35 ಗ್ರಾಂ ಇಂಗಾಲದ ಹೊರಸೂಸುವಿಕೆ ಇದೆ. ಎರಡೂ ಹತ್ತಿರ ಹತ್ತಿರವೇ, ಒಬ್ಬರೇ ಕುಳಿತ ಕಾರಿಗಿಂತ ಬಹಳ ಕಡಿಮೆ.

ಟಿಕೆಟ್ಟುಗಳನ್ನು ಬೇರೆಬೇರೆಯಾಗಿ ಕೊಳ್ಳುವಾಗ ಹಣ ಮರಳಿಸುವ ನಿಯಮಗಳನ್ನು ಓದಿಕೊಳ್ಳಿ, ಏಕೆಂದರೆ ರೈಲಿಗೂ ಬಸ್ಸಿಗೂ ಇವು ಒಂದೇ ಥರ ಇರುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ ರೈಲು ಒಂದು ಗಂಟೆ ತಡವಾಗಿ ತಲುಪಿದರೆ ಟಿಕೆಟ್ ದರದ ಕಾಲು ಭಾಗ, ಎರಡು ಗಂಟೆ ತಡವಾದರೆ ಅರ್ಧ ಭಾಗ ಪರಿಹಾರ ಉಂಟು, ಕೆಲವು ಅಸಾಧಾರಣ ಸಂದರ್ಭಗಳನ್ನು ಬಿಟ್ಟು. ಅಲ್ಲಿನ ಬಸ್ ನಿಯಮವಾದರೋ 250 ಕಿಲೋಮೀಟರಿಗಿಂತ ದೂರದ ಮಾರ್ಗಗಳಲ್ಲಿ, ಬಸ್ಸು ಹೊರಡುವುದೇ ಎರಡು ಗಂಟೆಗಿಂತ ತಡವಾದಾಗ ಹಣ ವಾಪಸು ಅಥವಾ ಬೇರೆ ವ್ಯವಸ್ಥೆಯನ್ನು ಕೇಳುವ ಹಕ್ಕು ಕೊಡುತ್ತದೆ. ಹೊರಟ ಬಸ್ಸು ದಟ್ಟಣೆಯಲ್ಲಿ ಸಿಕ್ಕಿ ತಡವಾಗಿ ತಲುಪಿದ್ದಕ್ಕೆ ಪರಿಹಾರವಿಲ್ಲ. ಭಾರತದಲ್ಲಿ ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿ, ಪ್ರಯಾಣಿಕರು ಹತ್ತದೆ ಉಳಿದು ನಿಯಮದಂತೆ ಅರ್ಜಿ ಹಾಕಿದರೆ ಪೂರ್ತಿ ಹಣ ಮರಳುತ್ತದೆ. ತೊಂದರೆ ಹತ್ತುವ ಮೊದಲೇ ತಿಳಿದಾಗ ಆಯ್ಕೆ ಬದಲಿಸಿಕೊಳ್ಳುವ ಸೌಲಭ್ಯಕ್ಕೆ ಇಂಥ ನಿಯಮಗಳು ಬಲ ಕೊಡುತ್ತವೆ.

ನನ್ನ ಸಲಹೆ ಬದಲಾಗುವ ಸಂದರ್ಭಗಳೂ ಇವೆ. ಎರಡು ನಗರಗಳ ನಡುವೆ ವೇಗದ ರೈಲಿಗೆಂದೇ ಪ್ರತ್ಯೇಕ ಹಳಿಯಿದ್ದು ದಿನವಿಡೀ ರೈಲುಗಳು ಓಡುತ್ತಿದ್ದರೆ, ಹಗಲಿನ ಪ್ರಯಾಣಕ್ಕೆ ಬಸ್ಸಿನ ಯೋಚನೆಯೇ ಬೇಡ. ಆದರೂ ಟೋಕಿಯೊ ಮತ್ತು ಒಸಾಕಾ ನಡುವೆ 1964ರಿಂದ ವೇಗದ ರೈಲು ಓಡುತ್ತಿರುವಾಗಲೇ 1969ರಲ್ಲಿ ರಾತ್ರಿ ಬಸ್ಸು ಆರಂಭವಾಗಿ, ಅಂಥ ಬಸ್ಸುಗಳು ಇಂದಿಗೂ ನಡೆಯುತ್ತಿವೆ. ರಾತ್ರಿ ಹೊರಟು ಬೆಳಿಗ್ಗೆ ತಲುಪುವ ಅಗತ್ಯವನ್ನು ಎರಡೂವರೆ ಗಂಟೆಯೊಳಗೆ ತಲುಪಿಸುವ ರೈಲು ಪೂರೈಸಲಾರದು. ಇದಕ್ಕೆ ವಿರುದ್ಧವಾಗಿ ನಿಮ್ಮದು ಒಂದೇ ಹಳಿಯ ಮಾರ್ಗವಾಗಿದ್ದು, ಮಧ್ಯಾಹ್ನ ಒಂದರ ರೈಲು ಬಹಳ ದೂರದಿಂದ ಬರುವುದಾಗಿದ್ದು, ಕಳೆದ ಕೆಲವು ಭಾನುವಾರಗಳಲ್ಲಿ ಪದೇಪದೇ ಎರಡು ಮೂರು ಗಂಟೆ ತಡವಾಗಿ ಬಂದಿದ್ದರೆ, ಒಬ್ಬರೇ ಇರುವಾಗ ಭಾನುವಾರ ಬೆಳಿಗ್ಗೆ ಹತ್ತು ಅಥವಾ ಹನ್ನೊಂದರ ಬಸ್ಸಿನಲ್ಲಿ ಹೊರಡಿ. ನಗರಕ್ಕೆ ಒಳಬರುವ ಸಂಜೆಯ ದಟ್ಟಣೆ ಎಷ್ಟು ಹೊತ್ತಿಗೆ ಶುರುವಾಗುತ್ತದೆಂದು ಬಸ್ ಚಾಲಕರನ್ನೇ ವಿಚಾರಿಸಿ, ಅದಕ್ಕೆ ಮೊದಲೇ ಒಳಗೆ ಸೇರುವಂತೆ ಹೊರಡುವ ವೇಳೆಯನ್ನು ಹಿಂದೆಮುಂದೆ ಮಾಡಿಕೊಳ್ಳಿ. ತಾಯಿಯವರು ಜೊತೆಗಿದ್ದರೆ ಮಾತ್ರ ಆಗಲೂ ರೈಲೇ ಇರಲಿ. ಅದು ಬರುವುದು ತಡವಾಗುತ್ತದೆಂದು ತಿಳಿದ ದಿನ ಅಕ್ಕನ ಮನೆಯಿಂದ ತಡವಾಗಿ ಹೊರಡಿ, ಸೋಮವಾರ ಬೆಳಿಗ್ಗೆ ಅವರಿಗೆ ಬೇಗ ಏಳುವ ಅವಸರವಿಲ್ಲದಂತೆ ಮನೆಯ ಕೆಲಸಗಳನ್ನು ಮೊದಲೇ ಹೊಂದಿಸಿಕೊಳ್ಳಿ.